ಹೂಂ ಅನ್ನುವವರಿದ್ದ ರಾತ್ರಿಗಳು

ಮೊಮ್ಮಕ್ಕಳು ಸುತ್ತ ಕೂತು 'ಆಯಿ, ಕತಿ ಹೇಳ' ಎಂದು ಗಂಟುಬಿದ್ದರೆ ಆಯಿ ತಟ್ಟನೆ ಕತೆ ತೆಗೆಯುತ್ತಿರಲಿಲ್ಲ. 'ಮೊದಲ ಹೂಂ ಅನ್ನವರ‍್ಯಾರು ಹೇಳ್ರಿ' ಎನ್ನುತ್ತಿದ್ದಳು. ಒಬ್ಬ ಮೊಮ್ಮಗ ಆ ಕೆಲಸ ಒಪ್ಪಿಕೊಳ್ಳಬೇಕು. ರಾಜ ಬೇಟೆಗೆ ಹೋದ, ಹೂಂ. ಕಾಡಿನಲ್ಲಿ ನೀರಡಿಸಿತು, ಹೂಂ. ಒಂದು ಬಾವಿ ಕಂಡಿತು, ಹೂಂ. ಹೂಂ ನಿಂತರೆ ಕತೆಯೂ ಅಲ್ಲೇ ನಿಂತಿತು. ಹುಡುಗ ನಿದ್ದೆ ಹೋದ ಎಂದು ಆಯಿಗೆ ತಿಳಿಯುತ್ತಿದ್ದದ್ದೇ ಹಾಗೆ. ಉಳಿದ ಕತೆ ನಾಳೆಗೆ.

ನಿಪ್ಪಾಣಿಯ ಮಗ್ಗುಲಿನ ಅಕ್ಕೋಳದಿಂದ ಹಿಡಿದು ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದವರೆಗಿನ ಊರುಗಳಲ್ಲಿ ಕತೆ ಹೇಳುವ ರಾತ್ರಿಗಳ ಚರಿತ್ರೆಯನ್ನು ಈ ಸಣ್ಣ 'ಹೂಂ'ನಿಂದಲೇ ಶುರು ಮಾಡಬೇಕು. ಮನೆಯ ಪಡಸಾಲೆಯಲ್ಲಿ ಒಬ್ಬ ಹುಡುಗ ಮಾಡುತ್ತಿದ್ದ ಕೆಲಸವನ್ನೇ ಗೊಂದಲಿಗರ ಗೊಂದಲದಲ್ಲಿ ಜೊತೆಗಾರ, ಕಣದಲ್ಲಿ ಹಂತಿಯವರು, ಗೀಗೀ ಮೇಳದಲ್ಲಿ ಹಿಮ್ಮೇಳದವರು ಮಾಡುತ್ತಿದ್ದರು. ಒಬ್ಬನೇ ಹೇಳಿ ಉಳಿದವರೆಲ್ಲ ಸುಮ್ಮನೆ ಕೂರುವ ಕತೆ ಈ ಸೀಮೆಯಲ್ಲಿ ಇರಲೇ ಇಲ್ಲ ಎಂದರೂ ನಡೆದೀತು.

ದೂಧಗಂಗಾ, ವೇದಗಂಗಾ, ಕೃಷ್ಣೆಯರ ಈ ನೆಲದಲ್ಲಿ ಕನ್ನಡ ಮತ್ತು ಮರಾಠಿ ಒಂದೇ ಓಣಿಯಲ್ಲಿ ಬಾಳುತ್ತವೆ. ಮುಂಬಯಿ ಪ್ರಾಂತದಲ್ಲಿದ್ದ ಬೆಳಗಾವಿ ಜಿಲ್ಲೆ 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು, ಚಂದಗಡ ತಾಲ್ಲೂಕು ಮಾತ್ರ ಆಚೆ ಉಳಿಯಿತು. ನಕಾಶೆಯ ಮೇಲೆ ಗೆರೆ ಬಿದ್ದರೂ ಕತೆಗಳು ಮೊದಲಿನ ಹಾಗೆಯೇ ಹೊಳೆ ದಾಟಿಕೊಂಡಿದ್ದವು. ಅದಕ್ಕೂ ಶತಮಾನದ ಹಿಂದಿನ ಒಂದು ಪ್ರಸಂಗ ಇಲ್ಲಿ ನೆನೆಯಬೇಕಾದದ್ದು. 1842ರ ಸುಮಾರಿಗೆ ಹೊನ್ನಾವರದ ಬಳಿಯ ಕರ್ಕಿಯಿಂದ ಭಾಗವತರ ಯಕ್ಷಗಾನ ಮೇಳವೊಂದು ಸಾಂಗ್ಲಿಗೆ ಹೋಗಿ ಆಟ ಆಡಿತು. ಅದನ್ನು ನೋಡಿದ ಸಾಂಗ್ಲಿಯ ದೊರೆ ಚಿಂತಾಮಣರಾವ್ ಪಟವರ್ಧನರು ಮರಾಠಿಯಲ್ಲೂ ಇಂಥದೊಂದು ಆಗಲಿ ಎಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರ ನವೆಂಬರ್ 5ರಂದು 'ಸೀತಾ ಸ್ವಯಂವರ' ರಂಗಕ್ಕೆ ಬಂತು, ಆ ದಿನವನ್ನು ಇಂದಿಗೂ ಮರಾಠಿ ರಂಗಭೂಮಿ ದಿನವಾಗಿ ಆಚರಿಸುತ್ತಾರೆ. ಆ ಆಟದಲ್ಲಿ ಸೂತ್ರಧಾರ ಕತೆಯನ್ನು ಹಾಡುತ್ತಿದ್ದ, ಪಾತ್ರಧಾರಿ ಅದಕ್ಕೆ ಆ ಕ್ಷಣದಲ್ಲಿ ಹೊಳೆದ ಮಾತು ಕೂಡಿಸುತ್ತಿದ್ದ. ಯಕ್ಷಗಾನದ ಭಾಗವತನಿಗೂ ವೇಷಧಾರಿಗೂ ಇದ್ದ ನಂಟೇ ಕಾಗವಾಡದ ಬಡಗಣಕ್ಕೆ ಹೋಗಿ ಇನ್ನೊಂದು ಭಾಷೆಯ ರಂಗಭೂಮಿಯಾಯಿತು.

ಮದುವೆಯಾದ ಮನೆಯಲ್ಲಿ ಗೊಂದಲ ಹಾಕಿಸುವುದು ಈ ಭಾಗದ ಹಳೆಯ ಪದ್ಧತಿ. ತುಳಜಾಪುರದ ಅಂಬಾಭವಾನಿಯ, ರೇಣುಕೆಯ ಭಕ್ತರಾದ ಗೊಂದಲಿಗರು ಹೊತ್ತು ಮುಳುಗಿದ ಮೇಲೆ ಬರುತ್ತಾರೆ. ಅಂಗಳದಲ್ಲಿ ಜೋಳದ ದಂಟನ್ನೋ ಕಬ್ಬಿನ ಗಳವನ್ನೋ ಐದು ಎತ್ತಿ ಮೇಲೆ ಕೂಡಿಸಿ ಕಟ್ಟಿದರೆ ಮಂಟಪವಾಯಿತು. ಅದರಡಿ ಹೊಸ ಬಟ್ಟೆ, ಬಟ್ಟೆಯ ಮೇಲೆ ಧಾನ್ಯ, ಧಾನ್ಯದ ಮೇಲೆ ಕಲಶ. ಗೊಂದಲಿಗರಿಗೆ ಉದ್ದ ನಿಲುವಂಗಿ, ಕೊರಳಲ್ಲಿ ಕವಡಿ ಸರ, ಕೈಯಲ್ಲಿ ದೀವಟಿಗೆ. ಸೊಂಟಕ್ಕೆ ಕಟ್ಟಿದ ಸಂಬಾಳ ಎಂದರೆ ಜೋಡಿ ಚರ್ಮವಾದ್ಯ, ಒಂದರ ದನಿ ಏರು, ಇನ್ನೊಂದರದು ಇಳಿ. ಪಕ್ಕದಲ್ಲಿ ಒಂಟಿ ತಂತಿಯ ತುಂತುಣಿ, ತಾಳ.

ಮೊದಲು ದೇವರನ್ನು ಊರು ಹೆಸರು ಹಿಡಿದು ಕರೆಯುತ್ತಾರೆ. ತುಳಜಾಪುರದ ಭವಾನಿ ಬಾ, ಕೊಲ್ಹಾಪುರದ ಮಹಾಲಕ್ಷ್ಮಿ ಬಾ, ಸವದತ್ತಿಯ ಎಲ್ಲಮ್ಮ ಬಾ, ಜೇಜೂರಿಯ ಖಂಡೋಬಾ ಬಾ, ಪಂಢರಪುರದ ವಿಠೋಬಾ ಬಾ. ಕೊನೆಗೆ ಆ ಮನೆಯ ಕುಲದೇವರು. ಎಲ್ಲರೂ ಬಂದು ಕೂತರು ಎಂದಾದ ಮೇಲೆ ಕತೆ: ಹರಿಶ್ಚಂದ್ರನದೋ, ರೇಣುಕೆಯದೋ. ಮುಖ್ಯ ಗೊಂದಲಿಗ ಹಾಡಿ, ನಿಂತು, ಅರ್ಥ ಹೇಳುತ್ತಾನೆ. ಜೊತೆಗಾರ ನಡುವೆ ಬಾಯಿ ಹಾಕುತ್ತಾನೆ. 'ತಡಿ, ಆಕಿ ಯಾಕ ಒಪ್ಪಿದ್ಲು?' 'ರಾಜ ಅಂತೀ, ಮತ್ತ ಸುಡಗಾಡ ಯಾಕ ಕಾಯ್ತಾನ?' ಅಂಗಳದಲ್ಲಿ ಕೂತ ಹೆಂಗಸರ ಮನಸ್ಸಿನಲ್ಲಿದ್ದ ಪ್ರಶ್ನೆಯನ್ನೇ ಅವನು ಎತ್ತಿರುತ್ತಾನೆ. ಉತ್ತರ ಹೇಳುವಾಗ ಆ ಊರಿನ ಹೊಲ, ಆ ಮನೆಯ ಬೀಗರು, ಆ ವರ್ಷದ ಮಳೆ ಎಲ್ಲ ಕತೆಯೊಳಗೆ ಬರುತ್ತವೆ. ಹಾಗಾಗಿ ಒಂದೇ ಹರಿಶ್ಚಂದ್ರನ ಕತೆ ಸದಲಗಾದಲ್ಲಿ ಒಂದು ಬಗೆ, ಶೇಡಬಾಳದಲ್ಲಿ ಇನ್ನೊಂದು ಬಗೆ. ಬೆಳಗಿನ ಆರತಿಯೊಂದಿಗೆ ಗೊಂದಲ ಮುಗಿಯುತ್ತದೆ.

ಜೈನರು ಬಹಳವಿರುವ ಸೀಮೆಯಿದು. ಆಚಾರ್ಯ ಶಾಂತಿಸಾಗರರು ಭೋಜದ ಕಡೆಯವರು, ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಸದಲಗಾದಲ್ಲಿ ಹುಟ್ಟಿದವರು. ಮಳೆಗಾಲದ ಚಾತುರ್ಮಾಸದಲ್ಲಿ ಮುನಿಗಳು ಒಂದೇ ಊರಲ್ಲಿ ನಿಲ್ಲುವುದರಿಂದ ಬಸದಿಯಲ್ಲಿ ಧರ್ಮಕತೆಗಳಿಗೆ ಬಿಡುವು ಸಿಗುತ್ತದೆ. ಜೈನ ಪುರಾಣಗಳ ಕಟ್ಟನ್ನು ಗಮನಿಸಿದರೆ ಅಲ್ಲಿಯೂ ಕೇಳುವವನಿದ್ದಾನೆ: ಶ್ರೇಣಿಕ ಮಹಾರಾಜ ಕೇಳುತ್ತಾನೆ, ಗೌತಮ ಗಣಧರ ಹೇಳುತ್ತಾನೆ. ಕನ್ನಡದ ಅತ್ಯಂತ ಹಳೆಯ ಗದ್ಯಗಳಲ್ಲಿ ಒಂದಾದ 'ವಡ್ಡಾರಾಧನೆ'ಯೂ 19 ಕತೆಗಳ ಗೊಂಚಲೇ. ಒಂದು ಗಾಹೆ, ಅದರ ಹಿಂದೆ ಅದನ್ನು ಬಿಡಿಸುವ ಕತೆ. ವೀರಶೈವ ಮಠಗಳಲ್ಲಿ ಶ್ರಾವಣಕ್ಕೆ ಪುರಾಣ ಹಚ್ಚುವುದೂ ಹೀಗೆಯೇ, ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ.

ಕತೆಗೆ ಇನ್ನೊಂದು ಜಾಗ ಕಣವಾಗಿತ್ತು. ಸುಗ್ಗಿಯಲ್ಲಿ ಮೇಟಿಕಂಬದ ಸುತ್ತ ಎತ್ತು ಹೂಡಿ ರಾತ್ರಿಯಿಡೀ ತೆನೆ ತುಳಿಸಬೇಕಿತ್ತು. ಎತ್ತಿನ ಹಿಂದೆ ಸುತ್ತುವವರು ನಿದ್ದೆ ಮಾಡುವಂತಿರಲಿಲ್ಲ. ಅದಕ್ಕೆ ಹಂತಿಯ ಹಾಡು. ಒಬ್ಬ ಒಂದು ನುಡಿ ಎತ್ತಿದರೆ ಉಳಿದವರು ಹಿಡಿಯುತ್ತಿದ್ದರು, ಕತೆ ಎತ್ತಿನ ಹೆಜ್ಜೆಯ ಲಯದಲ್ಲಿ ಸುತ್ತುತ್ತಿತ್ತು. ನಸುಕಿನಲ್ಲಿ ಬೀಸುಕಲ್ಲಿನ ಮುಂದೆಯೂ ಅದೇ. ಗೂಟಕ್ಕೆ ಎದುರುಬದುರು ಕೂತ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ಹಾಡಿದ್ದನ್ನು ಇನ್ನೊಬ್ಬಳು ಎತ್ತಿಕೊಳ್ಳುತ್ತಿದ್ದಳು. ಕಲ್ಲು ಇಬ್ಬರದು, ಪದವೂ ಇಬ್ಬರದು.

ಈ ಮಾರುತ್ತರ ಪೂರ್ತಿ ಪಂದ್ಯವೇ ಆಗುವುದು ಹಾಡಕಿಯಲ್ಲಿ. ಜಾತ್ರೆಗೆ, ಓಕುಳಿಗೆ ಊರವರು ಎರಡು ಮೇಳ ಕರೆಸುತ್ತಾರೆ. ಹರದೇಶಿಯವರು ಶಿವ ಹೆಚ್ಚು, ಗಂಡು ಹೆಚ್ಚು ಎಂದು ವಾದಿಸುತ್ತಾರೆ. ನಾಗೇಶಿಯವರು ಶಕ್ತಿ ಹೆಚ್ಚು, ಹೆಣ್ಣು ಹೆಚ್ಚು ಎನ್ನುತ್ತಾರೆ. ದಪ್ಪು, ತುಂತುಣಿ, ತಾಳ, ಹಿಂದೆ ನಿಂತು 'ಗೀಗೀ' ಎಂದು ದನಿಗೂಡಿಸುವ ಇಬ್ಬರು. ಒಂದು ಕಡೆಯವರು ಪುರಾಣದ ಕತೆಯೊಂದನ್ನು ಹಾಡಿ ಕೊನೆಗೆ ಸವಾಲು ಹಾಕಿದರೆ ಎದುರಿನವರು ಬೇರೊಂದು ಕತೆಯಿಂದಲೇ ಜವಾಬು ಕೊಡಬೇಕು. ಕತೆಗಳ ಸಂಗ್ರಹ ತೆಳುವಾಗಿದ್ದರೆ ನಡುರಾತ್ರಿಗೇ ಸೋಲು. ಈ ಪಂದ್ಯದಲ್ಲಿ ಜಾತಿ-ಮತ ಕೇಳುವವರಿರಲಿಲ್ಲ. ಲಾವಣಿ ಪರಂಪರೆಯ ದೊಡ್ಡ ಹೆಸರುಗಳಲ್ಲಿ ಹಲಸಂಗಿಯ ಖಾಜಾಭಾಯಿಯೂ ಒಬ್ಬರು. ಡೊಳ್ಳಿನ ಹಾಡಕಿಯಲ್ಲೂ ಇಂಥದೇ ಜುಗಲಬಂದಿ. ಅಲ್ಲಿ ಬೀರಪ್ಪನ ಕತೆ, ಅವನನ್ನು ಸಾಕಿದ ಅಕ್ಕ ಮಾಯವ್ವನ ಕತೆ. ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಭಾರತ ಹುಣ್ಣಿಮೆಯ ಹೊತ್ತಿಗೆ ಮಹಾರಾಷ್ಟ್ರದಿಂದಲೂ ಚಕ್ಕಡಿ ಹೂಡಿಕೊಂಡು ಬರುತ್ತಾರೆ. ಆ ಬಿಡಾರಗಳಲ್ಲಿ ಒಂದು ಕಥನ ಎರಡು ಭಾಷೆಗಳಲ್ಲಿ ಹರಿದಾಡುತ್ತದೆ. ನಿಪ್ಪಾಣಿ ಬಳಿಯ ಅಪ್ಪಾಚಿವಾಡಿಯ ಹಾಲಸಿದ್ಧನಾಥನ ಯಾತ್ರೆಯಲ್ಲೂ ಡೊಳ್ಳಿನ ಜೊತೆ ಮುಂದಿನ ವರ್ಷದ ಭವಿಷ್ಯನುಡಿ ಕೇಳಲು ಎರಡೂ ಕಡೆಯ ಜನ ನೆರೆಯುತ್ತಾರೆ.

ಇದೆಲ್ಲ ಕಾಗದಕ್ಕೆ ಇಳಿಯತೊಡಗಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ. ಶಾಸನಗಳ ವಿದ್ವಾಂಸರೆಂದು ಹೆಸರಾದ ಜೆ.ಎಫ್. ಫ್ಲೀಟ್ ಈ ಭಾಗದಲ್ಲಿ ಅಧಿಕಾರಿಯಾಗಿದ್ದರು. 1885ರಿಂದ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಕನ್ನಡ ಲಾವಣಿಗಳನ್ನು ಪ್ರಕಟಿಸಿದರು: 1857ರ ಹಲಗಲಿ ಬೇಡರ ದಂಗೆ, ಸಂಗೊಳ್ಳಿ ರಾಯಣ್ಣ, ಬೈಲಹೊಂಗಲದ ಸಂಗ್ಯಾನ ಕೊಲೆ. ಸಂಗ್ಯಾ-ಬಾಳ್ಯಾರ ಕತೆ ಆಮೇಲೆ ಸಣ್ಣಾಟವಾಗಿ ನಾಡೆಲ್ಲ ಹಬ್ಬಿತು. ಊರಲ್ಲಿ ಹಾಡಿ ದಕ್ಕಿಸಿಕೊಂಡಿದ್ದನ್ನು ಅಚ್ಚಿನಲ್ಲಿ ಉಳಿಸಿದ ಉಪಕಾರ ದೊಡ್ಡದು. ಆದರೆ ಅಚ್ಚಿನಲ್ಲಿ ಹಾಡು ಬಂತು, ರಾತ್ರಿ ಬರಲಿಲ್ಲ.

ಹಲಸಂಗಿಯ ಗೆಳೆಯರಿಗೆ ಆ ರಾತ್ರಿಯ ಬೆಲೆ ಗೊತ್ತಿತ್ತು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾ, ಕಾಪಸೆ ರೇವಪ್ಪ, ಹಳ್ಳಿಯಲ್ಲೇ ಕೂಡಿ ಬೆಳೆದ ಬಳಗ. 'ಗರತಿಯ ಹಾಡು' 1931ರಲ್ಲಿ ಬೆಳಕು ಕಂಡಿದ್ದು ಅವರಿಂದ. ಅವರು ಪದ ಬರೆದುಕೊಂಡದ್ದು ತಮ್ಮ ಅವ್ವಂದಿರಿಂದ, ಅಕ್ಕಂದಿರಿಂದ, ನೆರೆಮನೆಯವರಿಂದ. ಹಳ್ಳಿಯ ಗೆಳೆಯರ ಕೂಟವೊಂದು ಎಷ್ಟು ದೊಡ್ಡ ಕೆಲಸ ಮಾಡಬಹುದು ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೊಂದಿಲ್ಲ. ಮುಂದೆ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜಾನಪದ ರಂಗಭೂಮಿಯನ್ನು ಅಭ್ಯಾಸ ಮಾಡಿದ್ದಷ್ಟೇ ಅಲ್ಲ, ಅದರ ಕಸುವನ್ನು 'ಜೋಕುಮಾರಸ್ವಾಮಿ'ಯಂಥ ನಾಟಕಕ್ಕೂ ತಂದರು.

1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಕೆ. ರಾಮಾನುಜನ್ ಈ ಕಡೆಯ ಮನೆಗಳಲ್ಲಿ ಅಜ್ಜಿಯರ ಕತೆ ಸಂಗ್ರಹಿಸಿದರು. ಅವರಿಂದ ಜಗತ್ತಿಗೆ ಗೊತ್ತಾದ ಒಂದು ಕತೆ ಹೀಗಿದೆ. ಒಬ್ಬ ಹೆಂಗಸಿಗೆ ಒಂದು ಕತೆ, ಒಂದು ಹಾಡು ಬರುತ್ತಿತ್ತು. ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಒಳಗೆ ಉಸಿರುಗಟ್ಟಿದ ಅವೆರಡೂ ಆಕೆ ಮಲಗಿದ್ದಾಗ ಹೊರಬಿದ್ದವು. ಕತೆ ಜೋಡಾಗಿ ಬಾಗಿಲ ಹೊರಗೆ ಕೂತಿತು, ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ತೂಗಿತು. ಗಂಡ ಬಂದು ಕಂಡ, ಅನುಮಾನ ಪಟ್ಟ, ಜಗಳ ಮಾಡಿ ಹನುಮಪ್ಪನ ಗುಡಿಗೆ ಹೋಗಿ ಮಲಗಿದ. ಊರ ದೀಪಗಳೆಲ್ಲ ಆರಿದ ಮೇಲೆ ಜ್ವಾಲೆಗಳು ಆ ಗುಡಿಯಲ್ಲಿ ಸೇರಿ ಮಾತಾಡುವುದು ರೂಢಿ. ತಡವಾಗಿ ಬಂದ ಅವನ ಮನೆಯ ದೀಪ ನಡೆದದ್ದನ್ನು ಹೇಳಿತು. ಅವನು ಓಡಿಬಂದು ಹೆಂಡತಿಯನ್ನು ಕೇಳಿದರೆ, ಆಕೆಗೆ ಆ ಕತೆಯೂ ಹಾಡೂ ಮರೆತೇಹೋಗಿದ್ದವು. ಗಿರೀಶ ಕಾರ್ನಾಡರ 'ನಾಗಮಂಡಲ'ದ ಮೊದಲ ದೃಶ್ಯದಲ್ಲಿ ಗುಡಿಗೆ ಬರುವ ಜ್ವಾಲೆಗಳು ಇವೇ.

ಆ ಹೆಂಗಸು ಕತೆಯನ್ನು ಬಚ್ಚಿಟ್ಟಳು ಎಂದು ಸಾಮಾನ್ಯವಾಗಿ ಅರ್ಥ ಹೇಳುತ್ತಾರೆ. ಆಕೆಯ ಮನೆಯಲ್ಲಿ ಹೂಂ ಅನ್ನುವವರು ಯಾರಿದ್ದರು ಎಂದು ಕೇಳಿಕೊಂಡರೆ ಕತೆ ಬೇರೆಯೇ ಆಗಿ ಕಾಣುತ್ತದೆ. ಗಂಡ ಕೇಳಿದ್ದು ಎಲ್ಲ ಮುಗಿದ ಮೇಲೆ.

1930ರ ದಶಕದಲ್ಲಿ ಯುಗೋಸ್ಲಾವಿಯಾದ ಹಳ್ಳಿಗಳಲ್ಲಿ ವೀರಗಾಥೆಗಳನ್ನು ಧ್ವನಿಮುದ್ರಿಸಿದ ಮಿಲ್ಮನ್ ಪ್ಯಾರಿ, ಆಲ್ಬರ್ಟ್ ಲಾರ್ಡ್ ಕೂಡ ಕೇಳುವವರಿಂದಲೇ ಕತೆ ರೂಪು ಪಡೆಯುವುದನ್ನು ಕಂಡರು. ಕಾಫಿ ಅಂಗಡಿಯಲ್ಲಿ ಕೂತವರ ಉಮೇದು ನೋಡಿ ಗಾಯಕ ಗಾಥೆಯನ್ನು ಹಿಗ್ಗಿಸುತ್ತಿದ್ದ, ಕುಗ್ಗಿಸುತ್ತಿದ್ದ. ನಮ್ಮ ಕಣದ ಹಂತಿಯವನಿಗೆ ಈ ಮಾತು ಹೊಸದೇನಲ್ಲ.

ರೇಡಿಯೋ, ಟಿ.ವಿ., ಮೊಬೈಲು ಬಂದು ಕತೆ ಸತ್ತಿತು ಎನ್ನುವುದು ಅರ್ಧ ಸತ್ಯ. 1950ರ ಜನವರಿಯಲ್ಲಿ ಶುರುವಾದ ಧಾರವಾಡ ಆಕಾಶವಾಣಿ ಎಷ್ಟೋ ಜನಪದ ಹಾಡುಗಾರರ ದನಿಯನ್ನು ಮನೆಮನೆಗೆ ತಲುಪಿಸಿದೆ. ನಿಜವಾದ ಪೆಟ್ಟು ಬಿದ್ದದ್ದು ಜೊತೆಗೂಡುವ ಕೆಲಸಗಳಿಗೆ. ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿತು, ಎದುರು ಕೂರುವ ಗೆಳತಿ ಎದ್ದುಹೋದಳು. ರಾಶಿ ಮಾಡುವ ಯಂತ್ರ ಬಂದು ಕಣವೇ ಇಲ್ಲವಾಯಿತು, ಹಂತಿ ಹಿಡಿಯುವವರು ಚದುರಿದರು. ಮದುವೆ ಕಲ್ಯಾಣ ಮಂಟಪಕ್ಕೆ ಹೋಯಿತು. ಸಂಜೆಯೊಳಗೆ ಹಾಲ್ ಖಾಲಿ ಮಾಡಬೇಕಾದ ಕಡೆ ಗೊಂದಲಿಗರಿಗೆ ಇಡೀ ರಾತ್ರಿ ಎಲ್ಲಿ ಸಿಕ್ಕೀತು? ಹೇಳುವವರು ಇನ್ನೂ ಇದ್ದಾರೆ. ಅವರ ಮುಂದೆ, ಪಕ್ಕದಲ್ಲಿ, ಎದುರಿಗೆ ಇದ್ದವರ ಜಾಗ ಬರಿದಾಗಿದೆ.

ದೊಡ್ಡ ಊರುಗಳಲ್ಲಿ ಈಗ ಕತೆ ಹೇಳುವ ಸಂಜೆಗಳು ಮತ್ತೆ ನಡೆಯುತ್ತಿವೆ. ಸಂತೋಷ. ಆದರೆ ಅಲ್ಲಿ ದೀಪ ವೇದಿಕೆಯ ಮೇಲೆ, ಜನ ಕತ್ತಲಲ್ಲಿ, ಸದ್ದು ಮಾಡಬಾರದು ಎಂಬ ಸೂಚನೆ ಬೇರೆ. ಗೊಂದಲದಲ್ಲಿ ದೀವಟಿಗೆಯ ಬೆಳಕು ಕೂತವರ ಮುಖದ ಮೇಲೂ ಬೀಳುತ್ತದೆ.

ಅಕ್ಕೋಳದಂಥ ಊರುಗಳಲ್ಲಿ ಕೂಡಿ ಮಾಡುವ ಅಭ್ಯಾಸ ಸತ್ತಿಲ್ಲ. ತರುಣ ಮಂಡಳಗಳಿವೆ, ಭಜನಾ ಮಂಡಳಿಗಳಿವೆ, ಗಣಪತಿ ಹಬ್ಬಕ್ಕೆ ಪಟ್ಟಿ ಎತ್ತಿ ಪೆಂಡಾಲು ಹಾಕುವ ಹುಮ್ಮಸ್ಸಿದೆ. ಆ ದಿನಗಳಲ್ಲಿ ಒಂದು ರಾತ್ರಿಯನ್ನು ಸುತ್ತಿನ ಗೊಂದಲಿಗರಿಗೋ ಹಾಡಕಿಯ ಎರಡು ಮೇಳಗಳಿಗೋ ಬಿಟ್ಟುಕೊಡಲಿ. ಕುರ್ಚಿ ಸಾಲು ಬೇಡ, ಚಾಪೆ ಹಾಸಿ ಸುತ್ತ ಕೂರಲಿ. ನಡುವೆ ಪ್ರಶ್ನೆ ಕೇಳುವ ಮಕ್ಕಳನ್ನು ಗದರಿಸುವುದು ಬೇಡ. ಹಾಗೆಯೇ ಮೊಬೈಲಿನಲ್ಲಿ ರೆಕಾರ್ಡ್ ಮಾಡುವವರಿಗೆ ಒಂದು ಮಾತು: ಒಂದು ಫೋನು ಹಾಡುವವರ ಕಡೆ ಇರಲಿ, ಇನ್ನೊಂದನ್ನು ಕೂತು ಹೂಂ ಅನ್ನುವ ಜನರ ಕಡೆ ಇಡಿರಿ.