ಕಟ್ಟಡ ಮಾದರಿಗಳ ವಿನಿಮಯ

ಒಂದು ವಾಸ್ತುಶಿಲ್ಪ ತಂತ್ರಾಂಶದಲ್ಲಿ ರಚಿಸಿದ ಕಟ್ಟಡದ ಮಾದರಿಯನ್ನು ಇನ್ನೊಂದರಲ್ಲಿ ತೆರೆದು ಬಳಸುವ ಕ್ರಮ. ಆರ್ಕಿಟೆಕ್ಟ್, ಸ್ಟ್ರಕ್ಚರಲ್ ಎಂಜಿನಿಯರ್, ವಿದ್ಯುತ್ ಮತ್ತು ಕೊಳಾಯಿ ವಿನ್ಯಾಸಕಾರ, ಗುತ್ತಿಗೆದಾರ ಇವರೆಲ್ಲ ಒಂದೇ ತಂತ್ರಾಂಶ ಬಳಸುವುದಿಲ್ಲವಾದ್ದರಿಂದ ಈ ಕ್ರಮ ಬೇಕಾಯಿತು. ಇದರ ಇತಿಹಾಸವನ್ನು ಐಜಿಇಎಸ್, ಡಿಎಕ್ಸ್‌ಎಫ್, ಸ್ಟೆಪ್, ಐಎಫ್‌ಸಿ ಎಂದು ಫೈಲ್ ಫಾರ್ಮ್ಯಾಟುಗಳ ವಂಶಾವಳಿಯಾಗಿ ಹೇಳುವುದು ರೂಢಿ. ಪಟ್ಟಿ ತಪ್ಪಲ್ಲ. ಆದರೆ ಪ್ರತಿ ಹಂತದಲ್ಲಿ ದಾಟಿ ಹೋದದ್ದು ಗೆರೆಯೋ, ಆಕಾರವೋ, ‘ಇದು ಗೋಡೆ’ ಎಂಬ ಗುರುತೋ, ತಿದ್ದುವ ಅನುಕೂಲವೋ ಎಂಬುದು ಅದರಿಂದ ತಿಳಿಯುವುದಿಲ್ಲ.

ಗೆರೆಗಳ ಕಾಲ

ಐಜಿಇಎಸ್ ಕೆಲಸ 1979ರಲ್ಲಿ ಅಮೆರಿಕದಲ್ಲಿ ಶುರುವಾಗಿ ಮರುವರ್ಷ ಮೊದಲ ಆವೃತ್ತಿ ಹೊರಬಂತು. ಬೋಯಿಂಗ್, ಜನರಲ್ ಎಲೆಕ್ಟ್ರಿಕ್, ವಾಯುಪಡೆ ಇವು ಅದರ ಹಿಂದಿದ್ದವು. ಅವರ ಗಮನ ಇದ್ದದ್ದು ವಿಮಾನ ಮತ್ತು ಯಂತ್ರಭಾಗಗಳ ಮೇಲೆ, ಕಟ್ಟಡದ ಮೇಲಲ್ಲ. ಆರ್ಕಿಟೆಕ್ಟರ ಕಚೇರಿಗಳಲ್ಲಿ ನೆಲೆಯೂರಿದ್ದು 1982ರ ಡಿಸೆಂಬರಿನಲ್ಲಿ ಆಟೊಕ್ಯಾಡ್ ಎಂಬ ನಕ್ಷೆ ತಂತ್ರಾಂಶದ ಜೊತೆ ಬಂದ ಡಿಎಕ್ಸ್‌ಎಫ್. ಅದರಲ್ಲಿ ಗೆರೆ, ಕಮಾನು, ಅಕ್ಷರ, ಲೇಯರ್ ಇದ್ದವು. ಗೋಡೆ ಎಂದರೆ ಎರಡು ಸಮಾನಾಂತರ ಗೆರೆ. ಅದು ಗೋಡೆಯೆಂದು ತಿಳಿಯಲು ಲೇಯರಿನ ಹೆಸರೊಂದೇ ಆಧಾರ, ಆ ಹೆಸರುಗಳೂ ಕಚೇರಿಗೊಂದು ಬಗೆ.

ಡಿಎಕ್ಸ್‌ಎಫ್ ವಿವರ ಪ್ರಕಟವಾಗಿತ್ತು. ಆಟೊಕ್ಯಾಡ್‌ನ ಮೂಲ ಫಾರ್ಮ್ಯಾಟಾದ ಡಿಡಬ್ಲ್ಯುಜಿಯ ವಿವರವನ್ನು ಅದರ ತಯಾರಕ ಕಂಪನಿ ಆಟೊಡೆಸ್ಕ್ ಪ್ರಕಟಿಸಲಿಲ್ಲ. ಇವೆರಡನ್ನೂ ಒಂದೇ ಉಸಿರಿನಲ್ಲಿ ‘ಮುಕ್ತ’ ಎನ್ನುವ ಬರಹಗಳಿರುವುದರಿಂದ ಈ ವ್ಯತ್ಯಾಸವನ್ನು ಒತ್ತಿ ಹೇಳಬೇಕು. ಡಿಡಬ್ಲ್ಯುಜಿಯನ್ನು ಹೊರಗಿನವರು ಬಿಡಿಸಿ ಓದಿದರು. 1998ರಲ್ಲಿ ಇದಕ್ಕಾಗಿಯೇ ಓಪನ್ ಡಿಡಬ್ಲ್ಯುಜಿ ಅಲಯನ್ಸ್ ಹುಟ್ಟಿತು, ಮುಂದೆ ಅದೇ ಓಪನ್ ಡಿಸೈನ್ ಅಲಯನ್ಸ್ ಆಯಿತು. 2006ರಲ್ಲಿ ಆಟೊಡೆಸ್ಕ್ ಅದರ ಮೇಲೆ ದಾವೆ ಹೂಡಿತು, ಮರುವರ್ಷ ರಾಜಿಯಾಯಿತು. 2020ರಲ್ಲಿ ಆಟೊಡೆಸ್ಕ್ ತಾನೇ ಅದೇ ಸಂಸ್ಥೆಯ ಸದಸ್ಯತ್ವ ಪಡೆಯಿತು.

ಕಟ್ಟಡವನ್ನು ಗೆರೆಗಳಾಗಿ ಅಲ್ಲದೆ ಅಂಗಗಳ ಸಂಗ್ರಹವಾಗಿ ಕಂಪ್ಯೂಟರಿನಲ್ಲಿ ವಿವರಿಸುವ ವಿಚಾರ ಡಿಎಕ್ಸ್‌ಎಫ್‌ಗಿಂತ ಹಳೆಯದು. ಚಾರ್ಲ್ಸ್ ಈಸ್ಟ್‌ಮನ್ 1970ರ ದಶಕದ ನಡುವಿನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಇದನ್ನು ಪ್ರಯೋಗಿಸಿದ್ದರು. ಹಂಗೇರಿಯ ಗ್ರಾಫಿಸಾಫ್ಟ್‌ನ ಆರ್ಕಿಕ್ಯಾಡ್ 1980ರ ದಶಕದಲ್ಲೂ, ರೆವಿಟ್ 2000ದಲ್ಲೂ ಇದನ್ನು ಮಾರುಕಟ್ಟೆಗೆ ತಂದವು. ರೆವಿಟ್ ಅನ್ನು 2002ರಲ್ಲಿ ಆಟೊಡೆಸ್ಕ್ ಕೊಂಡಿತು.

ಐಎಫ್‌ಸಿಯ ಹುಟ್ಟು

ಈ ಭಾಗದಲ್ಲಿ ಆಕರಗಳು ಒಂದಕ್ಕೊಂದು ಹೊಂದುವುದಿಲ್ಲ. ಐಎಫ್‌ಸಿ ಹುಟ್ಟಿದ್ದು 1994ರಲ್ಲಿ ಎನ್ನುವವರಿದ್ದಾರೆ, 1995 ಎನ್ನುವವರಿದ್ದಾರೆ. ಮೊದಲ ಆವೃತ್ತಿಯನ್ನು ಕೆಲವರು 1996ಕ್ಕೂ ಕೆಲವರು 1997ಕ್ಕೂ ಸೇರಿಸುತ್ತಾರೆ. ಗೊಂದಲಕ್ಕೆ ಕಾರಣ, ಬೇರೆ ಬೇರೆ ಘಟನೆಗಳಿಗೆ ಒಂದೇ ಹೆಸರು ಅಂಟಿರುವುದು. 1994ರಲ್ಲಿ ಆಟೊಡೆಸ್ಕ್ ಅಮೆರಿಕದ 12 ಕಂಪನಿಗಳ ಕೂಟವೊಂದನ್ನು ಸೇರಿಸಿತು. ಆ ಕೂಟದ ಕೆಲಸ ಫೈಲ್ ಫಾರ್ಮ್ಯಾಟ್ ರೂಪಿಸುವುದಾಗಿರಲಿಲ್ಲ; ಬೇರೆ ಬೇರೆ ತಂತ್ರಾಂಶಗಳು ಸೇರಿ ದುಡಿಯಲು ನೆರವಾಗುವ ಸಿ++ ಕ್ಲಾಸುಗಳ ಬಗ್ಗೆ ಸಲಹೆ ಕೊಡುವುದಾಗಿತ್ತು. 1995ರಲ್ಲಿ ಅಟ್ಲಾಂಟಾದ ಪ್ರದರ್ಶನದಲ್ಲಿ ಮೊದಲ ಪ್ರಾತ್ಯಕ್ಷಿಕೆ ನಡೆಯಿತು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸದಸ್ಯತ್ವ ಎಲ್ಲರಿಗೂ ತೆರೆಯಿತು. ಆಮೇಲೆ ಕೂಟ ಅಂತರರಾಷ್ಟ್ರೀಯವಾಗಿ, ಒಂದು ಕಂಪನಿಯ ಕೋಡ್ ಹಂಚಿಕೊಳ್ಳುವ ಯೋಜನೆ ಯಾರ ಒಡೆತನಕ್ಕೂ ಸೇರದ ದತ್ತಾಂಶ ವಿವರಣೆಯಾಗಿ ಬದಲಾಯಿತು. ನಿಜವಾದ ತಿರುವು ಇದೇ. ವರ್ಷ ಹೇಳುವಾಗ ಬಹಳ ಬರಹಗಳು ಇದನ್ನು ದಾಟಿಬಿಡುತ್ತವೆ.

ಐಎಫ್‌ಸಿಯನ್ನು ಸ್ಟೆಪ್‌ನ ಭಾಗವೆಂದು ಹೇಳುವುದೂ ಉಂಟು. ಸ್ಟೆಪ್ ಎಂಬುದು 1984ರಲ್ಲಿ ಆರಂಭವಾಗಿ 1994ರಲ್ಲಿ ಮೊದಲ ಭಾಗಗಳು ಪ್ರಕಟವಾದ ಐಎಸ್‌ಒ 10303 ಮಾನಕ. ಅದರ ಎಕ್ಸ್‌ಪ್ರೆಸ್ ಭಾಷೆಯನ್ನೂ ಫೈಲ್ ಬರೆಯುವ ಕ್ರಮವನ್ನೂ ಐಎಫ್‌ಸಿ ಎರವಲು ಪಡೆಯಿತು, ಅದರೊಳಗೆ ಸೇರಲಿಲ್ಲ; 2013ರಲ್ಲಿ ನಾಲ್ಕನೇ ಆವೃತ್ತಿ ಐಎಸ್‌ಒ 16739 ಎಂಬ ಪ್ರತ್ಯೇಕ ಮಾನಕವಾಯಿತು. ಇಷ್ಟರಲ್ಲಿ ಕೂಟದ ಹೆಸರು ಬಿಲ್ಡಿಂಗ್‌ಸ್ಮಾರ್ಟ್ ಎಂದಾಗಿತ್ತು.

ಸರ್ಕಾರಗಳ ಗಮನ ಸೆಳೆದದ್ದು ಹಣದ ಲೆಕ್ಕ. ಅಮೆರಿಕದ ಮಾನಕಗಳ ಸಂಸ್ಥೆ ಎನ್‌ಐಎಸ್‌ಟಿ 2004ರಲ್ಲಿ ಪ್ರಕಟಿಸಿದ ವರದಿ, ತಂತ್ರಾಂಶಗಳು ಹೊಂದದಿರುವುದರಿಂದ ಅಲ್ಲಿನ ನಿರ್ಮಾಣ ಉದ್ಯಮಕ್ಕೆ 2002ರಲ್ಲಿ 1,580 ಕೋಟಿ ಡಾಲರ್ ವೆಚ್ಚವಾಯಿತೆಂದು ಅಂದಾಜು ಮಾಡಿತು. ಅದರಲ್ಲಿ ಸುಮಾರು ಮೂರನೇ ಎರಡು ಭಾಗ ಬಿದ್ದದ್ದು ಕಟ್ಟಡದ ಮಾಲೀಕರು ಮತ್ತು ನಿರ್ವಾಹಕರ ಮೇಲೆ, ವಿನ್ಯಾಸಕಾರರ ಮೇಲಲ್ಲ. ಫಿನ್ಲೆಂಡಿನ ಸರ್ಕಾರಿ ಕಟ್ಟಡಗಳ ಸಂಸ್ಥೆ 2007ರಿಂದ ತನ್ನ ಯೋಜನೆಗಳಲ್ಲಿ ಐಎಫ್‌ಸಿ ಮಾದರಿ ಕೇಳತೊಡಗಿತು.

ತಿದ್ದಲು ಬರುವುದೇ?

ವಿವಾದವೆಲ್ಲ ಸುತ್ತುವುದು ಈ ಪ್ರಶ್ನೆಯ ಸುತ್ತ. ರೆವಿಟ್‌ನಲ್ಲಿ ಒಂದು ಬಾಗಿಲಿಗೆ ತನ್ನ ಅಗಲ ಗೊತ್ತು, ಅಗಲ ಬದಲಾದರೆ ಚೌಕಟ್ಟು ಹೇಗೆ ಬದಲಾಗಬೇಕು ಎಂಬ ನಿಯಮವೂ ಗೊತ್ತು. ಐಎಫ್‌ಸಿಗೆ ಬರೆದಾಗ ಇದು ಬಾಗಿಲು ಎಂಬ ಗುರುತು, ಅದರ ವಿಶಿಷ್ಟ ಸಂಖ್ಯೆ, ಅಳತೆ, ಯಾವ ಗೋಡೆಯಲ್ಲಿ ಯಾವ ಮಹಡಿಯಲ್ಲಿದೆ ಎಂಬ ಸಂಬಂಧ ಇಷ್ಟೂ ದಾಟುತ್ತವೆ, ಆಕಾರವೂ ದಾಟುತ್ತದೆ. ಆ ಆಕಾರವನ್ನು ಹುಟ್ಟಿಸಿದ ನಿಯಮ ಸಾಮಾನ್ಯವಾಗಿ ದಾಟುವುದಿಲ್ಲ. ಬಟ್ಟೆ ಕೊಟ್ಟು ಮಗ್ಗ ಉಳಿಸಿಕೊಂಡಂತೆ. ಆರ್ಕಿಕ್ಯಾಡ್‌ನಲ್ಲಿ ತೆರೆದವನಿಗೆ ಬಾಗಿಲು ಕಾಣುತ್ತದೆ, ಅದನ್ನು ಅಗಲಿಸಲು ಹೊರಟರೆ ಬಹಳ ಸಲ ಹೊಸದಾಗಿಯೇ ಇಡಬೇಕಾಗುತ್ತದೆ.

‘ಐಎಫ್‌ಸಿ ಸೋತಿತು’ ಎಂದು ಒಂದು ಪಕ್ಷ, ‘ಅದು ಇರುವುದೇ ಅದಕ್ಕಲ್ಲ’ ಎಂದು ಇನ್ನೊಂದು. ದಾಖಲೆಗಳು ಎರಡಕ್ಕೂ ಪೂರ್ತಿ ಒಪ್ಪುವುದಿಲ್ಲ. 2006ರ 2ಎಕ್ಸ್3 ಆವೃತ್ತಿಯಲ್ಲಿ ಹೆಚ್ಚು ಬಳಕೆಯಾದದ್ದು ಕೋಆರ್ಡಿನೇಶನ್ ವ್ಯೂ: ಬೇರೆ ಬೇರೆ ತಂಡಗಳ ಮಾದರಿಗಳನ್ನು ಒಂದರ ಮೇಲೊಂದಿಟ್ಟು ತೊಲೆಯೊಳಗೆ ಪೈಪು ನುಗ್ಗಿದೆಯೇ ಎಂದು ನೋಡಲು ಅದು ಸಾಕು. ನಾಲ್ಕನೇ ಆವೃತ್ತಿಯಲ್ಲಿ ಕೆಲಸವನ್ನು ಬೇರ್ಪಡಿಸಲಾಯಿತು: ನೋಡಲು, ಹೋಲಿಸಲು ರೆಫರೆನ್ಸ್ ವ್ಯೂ, ಪಡೆದು ತಿದ್ದಿ ಮುಂದುವರಿಸಲು ಡಿಸೈನ್ ಟ್ರಾನ್ಸ್‌ಫರ್ ವ್ಯೂ. ಅಂದರೆ ತಿದ್ದುವ ಗುರಿ ಲಿಖಿತವಾಗಿಯೇ ಇತ್ತು. ತಂತ್ರಾಂಶ ಕಂಪನಿಗಳು ಒಲವು ತೋರಿದ್ದು ಮೊದಲನೆಯದಕ್ಕೆ; ಎರಡನೆಯದು ವ್ಯಾಪಕ ಬಳಕೆಗೆ ಬರಲಿಲ್ಲ.

ಕ್ಷೇತ್ರ ಚಿಕ್ಕದಾದಲ್ಲಿ ಫಲ ಬೇರೆಯಾಗಿತ್ತು. ಅಮೆರಿಕದ ಉಕ್ಕಿನ ಕಟ್ಟಡ ಸಂಸ್ಥೆ ಎಐಎಸ್‌ಸಿ 1990ರ ದಶಕದ ಕೊನೆಗೆ ಒಪ್ಪಿಕೊಂಡ ಸಿಐಎಸ್/2 ಮಾನಕ, ವಿನ್ಯಾಸ ಕಚೇರಿಯಿಂದ ಉಕ್ಕು ಕತ್ತರಿಸುವ ಕಾರ್ಖಾನೆಯವರೆಗೆ ಮಾಹಿತಿ ಸಾಗಿಸಿತು. ಕಾರಣ, ಉಕ್ಕಿನ ತೊಲೆಗೆ ನಿಗದಿತ ಅಡ್ಡಕೊಯ್ತಗಳ ಪಟ್ಟಿಯಿದೆ. ಆರ್ಕಿಟೆಕ್ಟ್ ಬರೆದ ಮೆಟ್ಟಿಲಿಗೆ ಅಂಥ ಪಟ್ಟಿ ಇಲ್ಲ.

ಇತ್ತೀಚಿನದು

ಒಂದೇ ತಂತ್ರಾಂಶದೊಳಗೂ ಗೋಡೆಗಳಿವೆ: ರೆವಿಟ್‌ನ ಹೊಸ ಆವೃತ್ತಿಯಲ್ಲಿ ಉಳಿಸಿದ ಫೈಲನ್ನು ಹಳೆಯದರಲ್ಲಿ ತೆರೆಯಲಾಗದು. 2020ರ ಜುಲೈನಲ್ಲಿ ಜಾಹಾ ಹದೀದ್ ಆರ್ಕಿಟೆಕ್ಟ್ಸ್ ಸೇರಿದಂತೆ ಬ್ರಿಟನ್‌ನ ಹಲವು ಕಚೇರಿಗಳು ರೆವಿಟ್‌ನ ಬೆಲೆ ಮತ್ತು ಬೆಳವಣಿಗೆಯ ಬಗ್ಗೆ ಆಟೊಡೆಸ್ಕ್‌ಗೆ ಬಹಿರಂಗ ಪತ್ರ ಬರೆದವು. 2024ರಲ್ಲಿ ಆಟೊಡೆಸ್ಕ್ ಮತ್ತು ಗ್ರಾಫಿಸಾಫ್ಟ್‌ನ ಒಡೆಯ ನೆಮೆಚೆಕ್ ಪರಸ್ಪರ ಹೊಂದಾಣಿಕೆಯ ಒಪ್ಪಂದ ಮಾಡಿಕೊಂಡವು.

ಇದಕ್ಕಿಂತ ಕುತೂಹಲದ ದಾರಿಗಳು ಮುಕ್ತ ತಂತ್ರಾಂಶದ ಕಡೆಯಿಂದ ಬಂದಿವೆ. ಲಂಡನ್ನಿನಲ್ಲಿ ಹುಟ್ಟಿದ ಸ್ಪೆಕಲ್, ಫೈಲ್ ಕಳಿಸುವ ಬದಲು ಮಾದರಿಯ ಒಂದೊಂದು ಅಂಗವನ್ನೂ ಸರ್ವರ್ ಮೂಲಕ ಸಾಗಿಸುತ್ತದೆ. ಬ್ಲೆಂಡರ್ ಎಂಬ ಮೂರು ಆಯಾಮದ ಮುಕ್ತ ತಂತ್ರಾಂಶದ ಜೊತೆ ನಡೆಯುವ ಬಾನ್ಸಾಯ್ (2024ರವರೆಗೆ ಬ್ಲೆಂಡರ್‌ಬಿಮ್) ಐಎಫ್‌ಸಿಗೆ ಪರಿವರ್ತಿಸುವುದೇ ಇಲ್ಲ. ಮೊದಲ ಗೆರೆಯಿಂದಲೇ ಐಎಫ್‌ಸಿ ಫೈಲನ್ನೇ ತಿದ್ದುತ್ತದೆ, ಹಾಗಾಗಿ ದಾಟಿಸುವ ಪ್ರಶ್ನೆಯೇ ಅಲ್ಲಿ ಬೇರೆ ರೂಪ ಪಡೆಯುತ್ತದೆ. ಅಧಿಕೃತ ಮಾನಕ 2024ರಲ್ಲಿ 4.3ನೇ ಆವೃತ್ತಿಯಾಗಿ ರಸ್ತೆ, ರೈಲು, ಸೇತುವೆ, ಬಂದರುಗಳಿಗೂ ಹಬ್ಬಿತು. ಐದನೆಯ ಆವೃತ್ತಿಯ ಕರಡು ಸ್ಟೆಪ್‌ನಿಂದ ಬಂದ ಫೈಲ್ ಕ್ರಮವನ್ನು ಕೈಬಿಟ್ಟು ಜಾಲದಲ್ಲಿ ಬಳಕೆಯಲ್ಲಿರುವ ಜೆಸನ್ ಕ್ರಮವನ್ನು ಆರಿಸಿಕೊಂಡಿದೆ.