ಉಂಗುರ, ಸಿಂಹ ಮತ್ತು ಕೃಪೆ: ಟೋಲ್ಕಿನ್ ಹಾಗೂ ಲೂಯಿಸ್ ಕೃತಿಗಳಲ್ಲಿ ಕ್ರೈಸ್ತ ಕಲ್ಪನೆ

ಧರ್ಮಶ್ರದ್ಧೆಯುಳ್ಳ ಕವಿ ಲೌಕಿಕ ಕಥೆಯನ್ನು ಕೈಗೆತ್ತಿಕೊಂಡಾಗ ಆತನ ಶ್ರದ್ಧೆ ಕೃತಿಯೊಳಗೆ ಎಲ್ಲಿ ನೆಲೆಸುತ್ತದೆ? ಹಳಗನ್ನಡದ ಜೈನಕಾವ್ಯಗಳನ್ನು ಓದುವವರಿಗೆ ಈ ಪ್ರಶ್ನೆ ಹೊಸದಲ್ಲ. ಪಂಪ ಆಗಮಿಕಕ್ಕೆ ‘ಆದಿಪುರಾಣ’ವನ್ನೂ ಲೌಕಿಕಕ್ಕೆ ‘ವಿಕ್ರಮಾರ್ಜುನ ವಿಜಯ’ವನ್ನೂ ರಚಿಸಿ ಅದನ್ನು ತನ್ನದೇ ರೀತಿಯಲ್ಲಿ ಬಗೆಹರಿಸಿಕೊಂಡ. ಸುಮಾರು ಸಾವಿರ ವರ್ಷಗಳ ಅನಂತರ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಪಾಠ ಹೇಳುತ್ತಿದ್ದ ಇಬ್ಬರು ವಿದ್ವಾಂಸರು, ಜೆ.ಆರ್.ಆರ್. ಟೋಲ್ಕಿನ್ (1892–1973) ಮತ್ತು ಸಿ.ಎಸ್. ಲೂಯಿಸ್ (1898–1963), ಇದೇ ಪ್ರಶ್ನೆಯನ್ನು ಎದುರಿಸಿದರು. ಇಬ್ಬರೂ ಕ್ರೈಸ್ತರು, ಆಪ್ತಮಿತ್ರರು, ಅದ್ಭುತಕಥನವನ್ನೇ ಆರಿಸಿಕೊಂಡವರು. ಆದರೂ ಅವರು ಕಂಡುಕೊಂಡ ಉತ್ತರಗಳು ಬೇರೆ ಬೇರೆ. ಆ ವ್ಯತ್ಯಾಸವನ್ನು ಗುರುತಿಸುವುದು, ಅದರಲ್ಲಿಯೂ ಟೋಲ್ಕಿನ್ನನ ಉತ್ತರ ಅನ್ಯಧರ್ಮೀಯ ಓದುಗನಿಗೆ ಒಡ್ಡುವ ಸವಾಲನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕ್ರೈಸ್ತ ಸಾಹಿತ್ಯದಲ್ಲಿ ಕಲ್ಪಿತ ಲೋಕಗಳ ನಿರ್ಮಾಣಕ್ಕೆ ದೀರ್ಘ ಇತಿಹಾಸವಿದೆ. ಡಾಂಟೆ 14ನೆಯ ಶತಮಾನದ ಆರಂಭದಲ್ಲಿ ನರಕ, ಶುದ್ಧಿಲೋಕ, ಸ್ವರ್ಗಗಳಲ್ಲಿ ತಾನೇ ಪಯಣಿಸಿದಂತೆ ‘ಡಿವೈನ್ ಕಾಮೆಡಿ’ಯನ್ನು ರಚಿಸಿದ. ಮಿಲ್ಟನ್ 1667ರಲ್ಲಿ ಪ್ರಕಟಿಸಿದ ‘ಪ್ಯಾರಡೈಸ್ ಲಾಸ್ಟ್’ ಆದಾಮ ಹವ್ವರ ಪತನವನ್ನು ಮಹಾಕಾವ್ಯದ ವಸ್ತುವಾಗಿಸಿತು. 1678ರಲ್ಲಿ ಹೊರಬಂದ ಜಾನ್ ಬನಿಯನ್ನನ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ನಲ್ಲಿ ಕಲ್ಪನೆ ಪೂರ್ಣವಾಗಿ ಅನ್ಯೋಕ್ತಿಯ ರೂಪ ತಾಳಿತು. ಅಲ್ಲಿ ನಾಯಕನ ಹೆಸರೇ ‘ಕ್ರಿಶ್ಚಿಯನ್’; ಅವನು ಸಿಲುಕುವ ಕೆಸರಿನ ಹೆಸರೇ ಹತಾಶೆ. ಬಾಸೆಲ್ ಮಿಷನ್ನಿನವರು 19ನೆಯ ಶತಮಾನದಲ್ಲಿಯೇ ಇದನ್ನು ‘ಯಾತ್ರಿಕನ ಸಂಚಾರ’ ಎಂದು ಕನ್ನಡಕ್ಕೆ ತಂದರು. ಇಂಥ ರಚನಾಕ್ರಮ ಜೈನಸಾಹಿತ್ಯಕ್ಕೂ ಅಪರಿಚಿತವಲ್ಲ. ಸಿದ್ಧರ್ಷಿ 906ರಲ್ಲಿ ಮುಗಿಸಿದ ಸಂಸ್ಕೃತದ ‘ಉಪಮಿತಿಭವಪ್ರಪಂಚಾಕಥಾ’ ಜೀವದ ಭವಭ್ರಮಣವನ್ನು ಅನ್ಯೋಕ್ತಿಯ ಮೂಲಕವೇ ನಿರೂಪಿಸುತ್ತದೆ. ಅನ್ಯೋಕ್ತಿಯಲ್ಲಿ ತತ್ತ್ವ ಮೊದಲು, ಕಥೆ ಅನಂತರ. ಪಾತ್ರದ ಹಿಂದಿನ ತತ್ತ್ವ ತಿಳಿದೊಡನೆ ಪಾತ್ರದ ಮೇಲಿನ ಕುತೂಹಲ ಕುಗ್ಗುವ ಅಪಾಯ ಅದರಲ್ಲಿ ಸದಾ ಇರುತ್ತದೆ.

ಈ ದಾರಿಯಿಂದ ಬೇರೆಯಾದ ಇನ್ನೊಂದು ದಾರಿಯನ್ನು 19ನೆಯ ಶತಮಾನದಲ್ಲಿ ತೋರಿಸಿದವನು ಸ್ಕಾಟ್ಲೆಂಡಿನ ಜಾರ್ಜ್ ಮ್ಯಾಕ್‌ಡೊನಾಲ್ಡ್. ಸ್ವತಃ ಧರ್ಮೋಪದೇಶಕನಾಗಿದ್ದರೂ ಆತ 1858ರಲ್ಲಿ ಬರೆದ ‘ಫ್ಯಾಂಟಾಸ್ಟೀಸ್’ ಯಾವ ಸಿದ್ಧಾಂತವನ್ನೂ ನೇರವಾಗಿ ಬೋಧಿಸುವುದಿಲ್ಲ. 1916ರಲ್ಲಿ, ನಾಸ್ತಿಕನಾಗಿದ್ದ ಹದಿಹರೆಯದ ಲೂಯಿಸ್ ಈ ಪುಸ್ತಕವನ್ನು ರೈಲುನಿಲ್ದಾಣವೊಂದರ ಪುಸ್ತಕದಂಗಡಿಯಲ್ಲಿ ಕೊಂಡ. ಅದರಿಂದ ತನ್ನ ಕಲ್ಪನೆಗೆ ದೀಕ್ಷಾಸ್ನಾನವಾಯಿತೆಂದೂ, ಉಳಿದುದೆಲ್ಲ ಆ ದಾರಿಗೆ ಬರಲು ಬಹುಕಾಲ ಹಿಡಿಯಿತೆಂದೂ ಆತ 1955ರ ತನ್ನ ಆತ್ಮಕಥನದಲ್ಲಿ ನೆನೆದಿದ್ದಾನೆ.

ಆ ‘ಬಹುಕಾಲ’ ಮುಗಿದದ್ದು 1931ರಲ್ಲಿ. ಅಷ್ಟುಹೊತ್ತಿಗೆ ದೇವರಿದ್ದಾನೆಂದು ಒಪ್ಪಿದ್ದ ಲೂಯಿಸನಿಗೆ ಕ್ರಿಸ್ತನ ಕಥೆ ಮಾತ್ರ ಅರ್ಥವಾಗಿರಲಿಲ್ಲ. ಸೆಪ್ಟೆಂಬರ್ 19ರ ರಾತ್ರಿ ಟೋಲ್ಕಿನ್ ಹಾಗೂ ಹ್ಯೂಗೋ ಡೈಸನ್ ಎಂಬ ಮಿತ್ರರೊಡನೆ ಆತ ಮಾಡ್ಲೆನ್ ಕಾಲೇಜಿನ ಅಡಿಸನ್ಸ್ ವಾಕ್ ಎಂಬ ಕಾಲುದಾರಿಯಲ್ಲಿ ಅಡ್ಡಾಡುತ್ತ ಚರ್ಚಿಸಿದ. ಮಾತು ಬೆಳಗಿನ ಜಾವದವರೆಗೂ ನಡೆಯಿತು. ಸತ್ತು ಮರಳುವ ದೇವತೆಯ ಕಥೆಯನ್ನು ಪ್ರಾಚೀನ ಪುರಾಣಗಳಲ್ಲಿ ಓದಿದಾಗ ಮನಸ್ಸು ಕರಗುತ್ತಿತ್ತು. ಸುವಾರ್ತೆಗಳಲ್ಲಿ ಓದಿದಾಗ ಕರಗುತ್ತಿರಲಿಲ್ಲ. ಇದೇಕೆ ಎಂಬುದು ಮಿತ್ರರು ಎತ್ತಿದ ಪ್ರಶ್ನೆ. ಕ್ರಿಸ್ತನ ಕಥೆಯೂ ಒಂದು ಪುರಾಣವೇ, ಆದರೆ ಚರಿತ್ರೆಯಲ್ಲಿ ನಿಜವಾಗಿ ಘಟಿಸಿದ ಪುರಾಣ ಎಂಬುದು ಅವರ ವಾದ. ಕೆಲವೇ ದಿನಗಳಲ್ಲಿ ಲೂಯಿಸ್ ಕ್ರೈಸ್ತನಾದ. ಪುರಾಣಗಳು ಸುಂದರವಾದ ಸುಳ್ಳುಗಳು ಎಂಬ ಆತನ ಹಳೆಯ ನಿಲುವಿಗೆ ಉತ್ತರವಾಗಿ ಟೋಲ್ಕಿನ್ ‘ಮಿಥೊಪೋಯಿಯಾ’ ಎಂಬ ಕವಿತೆಯನ್ನೇ ಬರೆದ.

ಈ ಕವಿತೆಯ ಆಶಯ 1939ರಲ್ಲಿ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಟೋಲ್ಕಿನ್ ನೀಡಿದ ಅದ್ಭುತಕಥೆಗಳ ಕುರಿತಾದ ಉಪನ್ಯಾಸದಲ್ಲಿ ಸಿದ್ಧಾಂತವಾಗಿ ಬೆಳೆಯಿತು. ದೇವರು ಸೃಷ್ಟಿಕರ್ತ, ಮನುಷ್ಯ ಆತನ ಪ್ರತಿರೂಪವಾಗಿ ಸೃಷ್ಟಿಗೊಂಡವನು, ಆದುದರಿಂದ ಮನುಷ್ಯನೂ ಲೋಕಗಳನ್ನು ಕಟ್ಟುತ್ತಾನೆ. ಇದನ್ನು ಆತ ‘ಉಪಸೃಷ್ಟಿ’ ಎಂದು ಕರೆದ. ಈ ದೃಷ್ಟಿಯಲ್ಲಿ ಕಲ್ಪನೆ ಉಪದೇಶದ ಹೊರಗವಚವಲ್ಲ; ಲೋಕವೊಂದನ್ನು ಸುಸಂಗತವಾಗಿ ಕಟ್ಟುವ ಕ್ರಿಯೆಗೇ ಧಾರ್ಮಿಕ ಮೌಲ್ಯವಿದೆ. ಎಲ್ಲವೂ ಮುಗಿಯಿತೆನ್ನುವಾಗ ಅನಿರೀಕ್ಷಿತವಾಗಿ ಒದಗುವ ಶುಭತಿರುವು ಅದ್ಭುತಕಥೆಯ ಜೀವಾಳವೆಂದೂ, ಕ್ರಿಸ್ತನ ಪುನರುತ್ಥಾನ ಅಂಥ ತಿರುವಿನ ಪರಮೋದಾಹರಣೆಯೆಂದೂ ಆತ ವಾದಿಸಿದ.

ಲೂಯಿಸ್ ಹಿಡಿದ ದಾರಿ ಇದಕ್ಕಿಂತ ಪ್ರಕಟವಾದುದು. 1942ರಲ್ಲಿ ಆತ ಮಿಲ್ಟನ್ನನ ಮಹಾಕಾವ್ಯಕ್ಕೆ ಪ್ರವೇಶಿಕೆಯೊಂದನ್ನು ಬರೆದ. ಮರುವರ್ಷವೇ ‘ಪೆರೆಲಾಂಡ್ರಾ’ ಕಾದಂಬರಿಯಲ್ಲಿ ಶುಕ್ರಗ್ರಹದ ಹವ್ವೆಯೊಬ್ಬಳನ್ನು ಪ್ರಲೋಭನೆಗೆ ಒಡ್ಡಿ, ಅವಳನ್ನು ಪತನಕ್ಕೆ ಗುರಿಮಾಡದೆ ಉಳಿಸಿದ. ಮಿಲ್ಟನ್ನನ ವಿಮರ್ಶೆ ಇಲ್ಲಿ ನೇರವಾಗಿ ಕಥನವಾಗಿ ಹರಿದಿದೆ. 1950ರಿಂದ 1956ರವರೆಗೆ ಏಳು ಪುಸ್ತಕಗಳಾಗಿ ಬಂದ ನಾರ್ನಿಯಾ ಕಥೆಗಳ ಮೊದಲನೆಯದರಲ್ಲಿ, ದ್ರೋಹವೆಸಗಿದ ಬಾಲಕನಿಗೆ ಬದಲಾಗಿ ಅಸ್ಲಾನ್ ಎಂಬ ಸಿಂಹ ಕಲ್ಲಿನ ಮೇಜಿನ ಮೇಲೆ ಸಾಯುತ್ತದೆ, ಸೂರ್ಯೋದಯಕ್ಕೆ ಮರಳಿ ಬದುಕುತ್ತದೆ. ಇದು ಅನ್ಯೋಕ್ತಿಯಲ್ಲ ಎಂದು ಲೂಯಿಸ್ ಸ್ಪಷ್ಟಪಡಿಸಿದ್ದಾನೆ. ನಾರ್ನಿಯಾದಂಥ ಲೋಕವೊಂದಿದ್ದು ದೇವಪುತ್ರ ಅಲ್ಲಿ ಸಿಂಹವಾಗಿ ಅವತರಿಸಿದ್ದರೆ ಏನಾಗುತ್ತಿತ್ತು ಎಂಬ ಊಹೆಯ ವಿಸ್ತರಣೆ ಅದು. ಆದರೂ ಸುವಾರ್ತೆಯನ್ನು ಬಲ್ಲ ಓದುಗ ಅಸ್ಲಾನನನ್ನು ಗುರುತಿಸದಿರಲಾರ. ಟೋಲ್ಕಿನ್ನನಿಗೆ ಈ ಕಥೆಗಳು ರುಚಿಸಲಿಲ್ಲ.

ಟೋಲ್ಕಿನ್ನನ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (1954–55) ಕೃತಿಯಲ್ಲಿ ಇಗರ್ಜಿಯಿಲ್ಲ, ಪುರೋಹಿತರಿಲ್ಲ, ಕ್ರಿಸ್ತನ ಸ್ಥಾನದಲ್ಲಿ ನಿಲ್ಲುವ ಒಂದೇ ಪಾತ್ರವೂ ಇಲ್ಲ. ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ಆತ ಅನ್ಯೋಕ್ತಿಯ ಬಗೆಗೆ ತನಗಿರುವ ಅರುಚಿಯನ್ನು ಬಚ್ಚಿಡದೆ ಹೇಳಿದ್ದಾನೆ. ಆದರೆ 1953ರ ಡಿಸೆಂಬರಿನಲ್ಲಿ ಜೆಸ್ಯೂಟ್ ಮಿತ್ರ ರಾಬರ್ಟ್ ಮರ್ರೆಗೆ ಬರೆದ ಪತ್ರದಲ್ಲಿ ಇದು ಮೂಲತಃ ಕ್ಯಾಥೊಲಿಕ್ ಕೃತಿಯೆಂದೂ, ಧಾರ್ಮಿಕಾಂಶವು ಕಥೆಯೊಳಗೇ ಕರಗಿರುವುದರಿಂದ ಅದರ ಬಾಹ್ಯಚಿಹ್ನೆಗಳನ್ನು ತೆಗೆದುಹಾಕಿದೆನೆಂದೂ ತಿಳಿಸಿದ್ದಾನೆ. ಉಂಗುರ ನಾಶವಾಗುವ ದಿನ ಮಾರ್ಚ್ 25. ಕ್ರೈಸ್ತ ಪಂಚಾಂಗದಲ್ಲಿ ಅದು ದೇವದೂತ ಮರಿಯಳಿಗೆ ಕ್ರಿಸ್ತಜನನದ ವಾರ್ತೆ ತಿಳಿಸಿದ ದಿನ. ಕಥೆಯಲ್ಲಿ ಇದರ ವಿವರಣೆ ಎಲ್ಲಿಯೂ ಇಲ್ಲ. ನಮ್ಮ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ಶ್ರದ್ಧೆ ವಾಚ್ಯವಲ್ಲ, ವ್ಯಂಗ್ಯ.

ಈ ವ್ಯಂಗ್ಯಾರ್ಥ ಅತ್ಯಂತ ತೀವ್ರವಾಗುವುದು ಕೃತಿಯ ಕೊನೆಯ ಘಟ್ಟದಲ್ಲಿ. ಉಂಗುರವನ್ನು ಬೆಂಕಿಯ ಬೆಟ್ಟದ ಕಂದರಕ್ಕೆ ಎಸೆಯಲು ಸಾವಿರ ಕಷ್ಟಗಳನ್ನು ಸಹಿಸಿ ಬಂದ ಫ್ರೋಡೋ ಕೊನೆಯ ಕ್ಷಣದಲ್ಲಿ ಎಸೆಯಲಾರದೆ ಅದು ತನ್ನದೆಂದು ಘೋಷಿಸುತ್ತಾನೆ. ಉಂಗುರದ ಮೋಹದಿಂದ ವಿಕೃತನಾದ ಗೊಲ್ಲಮ್ ಅವನ ಬೆರಳನ್ನೇ ಕಚ್ಚಿ ಅದನ್ನು ಕಸಿದುಕೊಂಡು, ಆಯತಪ್ಪಿ ಬೆಂಕಿಗೆ ಬೀಳುತ್ತಾನೆ. ನಾಯಕ ಸೋತಿದ್ದಾನೆ, ಕಾರ್ಯ ನೆರವೇರಿದೆ. ಹಿಂದೆ ಬಿಲ್ಬೋ ಗೊಲ್ಲಮನನ್ನು ಕೊಲ್ಲಬಹುದಾಗಿದ್ದಾಗ ಕನಿಕರಪಟ್ಟು ಬಿಟ್ಟಿದ್ದ. ಅನಂತರ ಫ್ರೋಡೋ, ಕಡೆಗೆ ಸ್ಯಾಮ್ ಕೂಡ ಅವನನ್ನು ಕೊಲ್ಲದೆ ಬಿಟ್ಟರು. ಆ ಕನಿಕರವಿಲ್ಲದಿದ್ದರೆ ಬೆಟ್ಟದ ತುದಿಯಲ್ಲಿ ಗೊಲ್ಲಮ್ ಇರುತ್ತಲೇ ಇರಲಿಲ್ಲ.

ಜೈನ ಓದುಗನಿಗೆ ಈ ಕಥೆಯ ಮುಕ್ಕಾಲು ಭಾಗ ಪರಿಚಿತ ನೆಲ. ಪರಿಗ್ರಹ ವಸ್ತುವಿನಲ್ಲಿಲ್ಲ, ವಸ್ತುವಿನ ಮೇಲಿನ ಮಮಕಾರದಲ್ಲಿದೆ ಎಂಬ ‘ತತ್ತ್ವಾರ್ಥಸೂತ್ರ’ದ ವಿಚಾರಕ್ಕೆ ಉಂಗುರಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಬಿಲ್ಬೋನ ಕನಿಕರದಲ್ಲಿ ನಾವು ಸಮ್ಯಕ್ತ್ವದ ಲಕ್ಷಣಗಳಲ್ಲೊಂದಾದ ಅನುಕಂಪೆಯನ್ನು ಕಾಣಬಹುದು. ಆದರೆ ಬೆಟ್ಟದ ತುದಿಯಲ್ಲಿ ನೆಲ ಬದಲಾಗುತ್ತದೆ. ಜೀವ ತನ್ನ ಕರ್ಮವನ್ನು ತಾನೇ ಕಟ್ಟಿಕೊಂಡು ತಾನೇ ಕಳೆದುಕೊಳ್ಳಬೇಕು. ತೀರ್ಥಂಕರರು ದಾರಿ ತೋರುತ್ತಾರೆಯೇ ಹೊರತು ಕೈಹಿಡಿದು ದಾಟಿಸುವುದಿಲ್ಲ. ಈ ದೃಷ್ಟಿಯಿಂದ ನೋಡಿದರೆ ಮಮಕಾರವನ್ನು ತೊರೆಯದವನು ಬಿಡುಗಡೆ ಪಡೆಯುವುದು ಒಪ್ಪಲಾಗದ ಮುಕ್ತಾಯ. ಟೋಲ್ಕಿನ್ ಹೇಳುತ್ತಿರುವುದು ಅದಕ್ಕೆ ವಿರುದ್ಧವಾದುದು: ಮನುಷ್ಯಪ್ರಯತ್ನ ಅಗತ್ಯ, ಆದರೆ ಸಾಲದು, ಉಳಿದುದನ್ನು ಕೃಪೆ ಪೂರೈಸುತ್ತದೆ. ಕೃಪೆ ಎಂಬ ಮಾತನ್ನು ಆಡದೆ ಆತ ಇದನ್ನು ಘಟನೆಯಾಗಿ ತೋರಿಸಿದ್ದಾನೆ.

ಮೊದಲ ಓದಿನಲ್ಲಿ ಈ ಮುಕ್ತಾಯ ನನಗೆ ಕಥನದ ದೋಷವೆನಿಸಿತ್ತು. ನಾಯಕನೇ ಉಂಗುರವನ್ನು ಎಸೆಯಬೇಕಿತ್ತು ಎಂದುಕೊಂಡಿದ್ದೆ. ಅದು ದೋಷವಲ್ಲ, ನನ್ನದಲ್ಲದ ದರ್ಶನವೊಂದರ ಹೃದಯ ಎಂಬುದು ಅರಿವಾಗಲು ಮರುಓದುಗಳು ಬೇಕಾದವು. ಆ ದರ್ಶನವನ್ನು ನಾನು ಇಂದಿಗೂ ಒಪ್ಪಿಲ್ಲ. ಆದರೆ ಯಾವ ಮತಪ್ರಬಂಧಕ್ಕಿಂತಲೂ ಸ್ಪಷ್ಟವಾಗಿ ಅದನ್ನು ಒಳಗಿನಿಂದ ಕಂಡದ್ದು ಈ ಕಥೆಯಲ್ಲಿ. ತರಗತಿಯಲ್ಲಿ ಜೈನಕಾವ್ಯದ ಭವಾವಳಿಗಳನ್ನು ಓದಿ ‘ಇಷ್ಟೊಂದು ಜನ್ಮಗಳ ಕಥೆ ಕಾವ್ಯಕ್ಕೆ ಭಾರವಲ್ಲವೆ?’ ಎಂದು ಕೇಳುವ ವಿದ್ಯಾರ್ಥಿಗಳಿಗೆ ನಾನು ಈಗ ಫ್ರೋಡೋನ ಸೋಲನ್ನು ನೆನಪಿಸುತ್ತೇನೆ.