ಲಘು ಗುರುಗಳ ಲೆಕ್ಕ

ಸನ್ನತಿಯ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಮೊದಲ ಅಕ್ಷರದ ಮುಂದೆ ಒತ್ತಕ್ಷರವಿರುವುದರಿಂದ ಅದು ಗುರು, ಮಿಕ್ಕೆರಡು ಲಘು. ಶಾಲೆಯಲ್ಲಿ ಪ್ರಸ್ತಾರ ಹಾಕಿದವರೆಲ್ಲ ಇದು ಭಗಣವೆಂದು ಕೂಡಲೆ ಹೇಳಿಯಾರು. ಭೀಮಾತೀರದ ಈ ಊರು ಹೆಸರಾದದ್ದು ಅಶೋಕನ ಶಾಸನಗಳಿಂದ, ನೆರೆಯ ಕನಗನಹಳ್ಳಿಯ ಸ್ತೂಪದಿಂದ, ಛಂದಸ್ಸಿನಿಂದಲ್ಲ. ಆದರೂ ಅದರ ಹೆಸರಿನಿಂದಲೇ ಹೊರಡಲು ಕಾರಣವುಂಟು. ಮೂರಕ್ಷರದ ಗಣಗಳು ಎಂಟಷ್ಟೆ. ಪ್ರಸ್ತಾರಕ್ರಮದಲ್ಲಿ ಅವು ಮ, ಯ, ರ, ಸ, ತ, ಜ, ಭ, ನ. ಈ ಪಟ್ಟಿಯನ್ನು ಬರೆಯದೆಯೇ ಭಗಣವು ಎಷ್ಟನೆಯದೆಂದು ಹೇಳುವುದು ಹೇಗೆ?

ಈ ಲೆಕ್ಕಕ್ಕೆ ನಮ್ಮ ಹಿರಿಯರು ಉದ್ದಿಷ್ಟವೆಂದು ಹೆಸರಿಟ್ಟರು. ಅಕ್ಷರಗಳ ಮೇಲೆ ಎಡದಿಂದ 1, 2, 4 ಎಂದು ಇಮ್ಮಡಿಸುತ್ತ ಬರೆಯಿರಿ. ಲಘುವಿನ ಮೇಲಿರುವ ಅಂಕಿಗಳನ್ನು ಮಾತ್ರ ಕೂಡಿ, ಬಂದುದಕ್ಕೆ ಒಂದು ಸೇರಿಸಿ. ಸನ್ನತಿಗೆ 2, 4, ಮೇಲೊಂದು, ಒಟ್ಟು ಏಳು. ಭಗಣ ಏಳನೆಯದೇ ಹೌದು. ಮಳಖೇಡಕ್ಕೆ ಲಘು, ಲಘು, ಗುರು, ಲಘು: 1, 2, 8, ಮೇಲೊಂದು. ನಾಲ್ಕಕ್ಷರದ 16 ಸಾಲುಗಳಲ್ಲಿ ಅದು 12ನೆಯದು. ಬಿಡುವಾದಾಗ ನಿಮ್ಮ ಊರಿನ ಹೆಸರನ್ನೂ ಹೀಗೆ ಲೆಕ್ಕ ಹಾಕಬಹುದು.

ಇಂದು ಗಣಕಯಂತ್ರ ಮಾಡುವುದೂ ಇದನ್ನೇ. ಅದರೊಳಗೆ ಯಾವ ಸಂಖ್ಯೆಯೇ ಆಗಲಿ ಸೊನ್ನೆ ಮತ್ತು ಒಂದು ಎಂಬ ಎರಡೇ ಗುರುತುಗಳ ಸಾಲಾಗಿರುತ್ತದೆ. ನಮಗೆ ತೋರಿಸುವಾಗ ಅದನ್ನು ದಶಮಾನಕ್ಕೆ ತಿರುಗಿಸಬೇಕಾಗುತ್ತದೆ. ಗುರುವಿಗೆ ಸೊನ್ನೆ, ಲಘುವಿಗೆ ಒಂದು ಎಂದಿಟ್ಟು ಸಾಲನ್ನು ಹಿಂದುಮುಂದಾಗಿ ಬರೆದರೆ ಸನ್ನತಿಯು 110 ಆಗುತ್ತದೆ, ದಶಮಾನದಲ್ಲಿ ಆರು. ಯಂತ್ರ ಸೊನ್ನೆಯಿಂದ ಎಣಿಸುತ್ತದೆ, ಛಂದಸ್ಸಿನವರು ಒಂದರಿಂದ ಎಣಿಸುತ್ತಾರೆ, ವ್ಯತ್ಯಾಸ ಅಷ್ಟೇ. ಪೈಥಾನ್‌ನಂಥ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಯುವ ಹುಡುಗರಿಗೆ ಹೇಳಿಕೊಡುವ ಉಪಾಯವಿದು: ಸೊನ್ನೆಯಿಂದ ಹೊರಟು, ದೊಡ್ಡ ಸ್ಥಾನದ ತುದಿಯಿಂದ ಒಂದೊಂದೇ ಅಂಕಿಯನ್ನು ಓದುತ್ತ, ಕೈಯಲ್ಲಿದ್ದುದನ್ನು ಇಮ್ಮಡಿಸಿ ಆ ಅಂಕಿಯನ್ನು ಕೂಡು. ಪಿಂಗಳನ ಛಂದಃಶಾಸ್ತ್ರದ ಕೊನೆಯ ಅಧ್ಯಾಯದ ವಿಧಿ ಇದಕ್ಕೆ ಇನ್ನೂ ಹತ್ತಿರವಾದದ್ದು. ಕೊನೆಯ ಲಘುವಿನಲ್ಲಿ ಒಂದರಿಂದ ಆರಂಭಿಸಿ ಹಿಂದಕ್ಕೆ ಬರುತ್ತ ಅಕ್ಷರಕ್ಕೊಮ್ಮೆ ಇಮ್ಮಡಿಸಬೇಕು. ಗುರು ಬಂದಲ್ಲಿ ಇಮ್ಮಡಿಸಿ ಒಂದು ಕಳೆಯಬೇಕು. ಸನ್ನತಿಗೆ 2, 4, ಆಮೇಲೆ 8ರಲ್ಲಿ ಒಂದು ಕಳೆದು 7.

ಈ ವಿದ್ಯೆಗೂ ಕಲಬುರಗಿಯ ಸೀಮೆಗೂ ಇರುವ ನಂಟು ಬರಿಯ ಹೆಸರಿನದಲ್ಲ. ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನನ್ನು ಹೊಗಳಿ, ಸುಮಾರು 850ರಲ್ಲಿ ಜೈನ ಗಣಿತಜ್ಞ ಮಹಾವೀರನು ‘ಗಣಿತಸಾರಸಂಗ್ರಹ’ವನ್ನು ಬರೆದನು. ಛಂದಸ್ಸಿನ ಪ್ರಶ್ನೆಗಳಿಗೂ ಅದರಲ್ಲಿ ಎಡೆಯುಂಟು. ಎರಡನ್ನು ಎಂಟು ಬಾರಿ ಗುಣಿಸಬೇಕಾದರೆ ಏನು ಮಾಡುವುದು? ಎಂಟು ಸಮಸಂಖ್ಯೆ, ಅರ್ಧಮಾಡಿ ಸೊನ್ನೆ ಬರೆ. ನಾಲ್ಕು, ಮತ್ತೆ ಸೊನ್ನೆ. ಎರಡು, ಮತ್ತೆ ಸೊನ್ನೆ. ಉಳಿದದ್ದು ಒಂದು, ಅದು ಬೆಸ. ಒಂದು ಕಳೆದು ಒಂದೆಂದು ಬರೆ. ಈಗ ಕೊನೆಯಿಂದ ಹಿಂದಿರುಗುತ್ತ, ಒಂದು ಇರುವಲ್ಲಿ ಎರಡರಿಂದ ಗುಣಿಸು, ಸೊನ್ನೆ ಇರುವಲ್ಲಿ ವರ್ಗಮಾಡು: 2, 4, 16, 256. ಶ್ಲೋಕದ ಎಂಟಕ್ಷರದ ಪಾದಕ್ಕೆ ಲಘು ಗುರುಗಳ ವಿನ್ಯಾಸಗಳು ಇಷ್ಟೇ ಇರಬಲ್ಲವು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕ ಶಾಸನದಲ್ಲಿಯೂ 256 ಎಂಬ ಅಂಕೆ ಬರುತ್ತದೆ. ಅದು ಕಾಕತಾಳೀಯ, ಅಲ್ಲಿ ಇನ್ನೂರಕ್ಕೊಂದು, ಐವತ್ತಕ್ಕೊಂದು, ಆರಕ್ಕೊಂದು ಬೇರೆ ಬೇರೆ ಗುರುತು, ಸ್ಥಾನಬೆಲೆಯ ಮಾತಿಲ್ಲ.

ಹಾಗೆಂದು ಗಣಕಯಂತ್ರವೇ ನಮ್ಮದೆಂದು ಮೀಸೆ ತಿರುವುವುದು ನನಗೆ ಒಪ್ಪಿಗೆಯಿಲ್ಲ. ಎರಡೇ ಅಂಕಿಗಳಿಂದ ಕೂಡುವ, ಕಳೆಯುವ, ಗುಣಿಸುವ ಗಣಿತವನ್ನು ವಿವರಿಸಿ 1703ರಲ್ಲಿ ಲೇಖನವನ್ನು ಪ್ರಕಟಿಸಿದವನು ಜರ್ಮನಿಯ ಲೈಬ್‌ನಿಟ್ಸ್. ನಮ್ಮವರು ಲಘು ಗುರುಗಳನ್ನು ಅಂಕಿಗಳಾಗಿ ಬಳಸಲಿಲ್ಲ. ಸಾಲನ್ನು ಕಂಡು ಅದರ ಸಂಖ್ಯೆಯನ್ನು, ಸಂಖ್ಯೆಯನ್ನು ಕೇಳಿ ಸಾಲನ್ನು ಹೇಳುವ ದಾರಿಯನ್ನು ಕಂಡುಕೊಂಡರು. ಅದು ಸಣ್ಣ ಕೆಲಸವೇನೂ ಅಲ್ಲ.

ಪಿಂಗಳನ ಸೂತ್ರಗಳು ಬಹಳ ಬಿಗಿ, ವ್ಯಾಖ್ಯಾನವಿಲ್ಲದೆ ಬಿಚ್ಚಿಕೊಳ್ಳವು. ಪ್ರಸಿದ್ಧ ವ್ಯಾಖ್ಯಾನವನ್ನು ಬರೆದವನು ಹಲಾಯುಧ. ಅವನು ರಾಷ್ಟ್ರಕೂಟ ಮೂರನೆಯ ಕೃಷ್ಣನನ್ನು ಕೊಂಡಾಡಿ ‘ಕವಿರಹಸ್ಯ’ವನ್ನು ರಚಿಸಿದವನೇ ಎಂದು ವಿದ್ವಾಂಸರ ಎಣಿಕೆ. ಮುಂದೆ 972ರಲ್ಲಿ ಮಾಳವದ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೈದನು. ಹಲಾಯುಧನ ‘ಮೃತಸಂಜೀವನೀ’ ವ್ಯಾಖ್ಯಾನ ಹುಟ್ಟಿದ್ದು ಆ ಸೀಯಕನ ಮಗ ಮುಂಜನ ಆಶ್ರಯದಲ್ಲಿ! ಊರು ಬರಿದಾಯಿತು, ಪಂಡಿತ ಗೆದ್ದವರ ಸಭೆಗೆ ಹೋದ, ಲೆಕ್ಕ ಉಳಿಯಿತು. ಕನ್ನಡದಲ್ಲಿಯೂ ಉಳಿಯಿತು. ಸುಮಾರು 990ರಲ್ಲಿ ನಾಗವರ್ಮನು ‘ಛಂದೋಂಬುಧಿ’ಯನ್ನು ಬರೆದಾಗ ಪ್ರಸ್ತಾರ, ನಷ್ಟ, ಉದ್ದಿಷ್ಟಗಳನ್ನು ಬಿಡದೆ ತಂದನು. ಆ ಗ್ರಂಥವನ್ನು 1875ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದವರು ರೆವರೆಂಡ್ ಕಿಟ್ಟೆಲ್. ಲೈಬ್‌ನಿಟ್ಸನಂತೆ ಅವರೂ ಜರ್ಮನಿಯವರೇ.